ಕೈ ಎಲ್ಲಿಡೋದು ಅಣ್ಣ?

ಸ್ಕ್ರೀನ್ ಬೆಳ್ಳಗಿದೆ ಅಂತ ಫೋನ್ ಒರೆಸ್ಕೋಬೇಡಿ, ಅದು ಮಂಜು. ಬೆಳಗ್ಗೆ 6.40. ಇದರ ಹಿಂದೆ 1,478 ಮೀಟರ್ ಎತ್ತರದ ನಂದಿಬೆಟ್ಟ ಇದೆ. ನನ್ನ ಮಾತು ನಂಬಿ.

ನಾನು ಚಿಕ್ಕಬಳ್ಳಾಪುರದೋನು. ಮದುವೆ ಫೋಟೋ ತೆಗಿಯೋದೇ ಹೊಟ್ಟೆಪಾಡು. ಈಗ ಧನುರ್ಮಾಸ, ಛತ್ರಗಳೆಲ್ಲ ಖಾಲಿ ಹೊಡೀತಿವೆ. ಆದ್ರೆ ಸಂಕ್ರಾಂತಿ ಕಳೆದು ಮಾಘ ಬಂತು ಅಂದ್ರೆ ಸಾಲು ಸಾಲು ಮದುವೆ. ಅವರೆಲ್ಲರ ಪ್ರೀ ವೆಡ್ಡಿಂಗ್ ಶೂಟ್ ಈ ಚಳೀಲೇ ಮುಗೀಬೇಕು.

ಇವತ್ತಿನ ಜೋಡಿಗೆ ನಿಶ್ಚಿತಾರ್ಥ ಆಗಿ ಇಪ್ಪತ್ತು ದಿನ. ಮನೆಯವರು ನೋಡಿ ಮಾಡಿರೋ ಸಂಬಂಧ. ಹುಡುಗ ಬೆಂಗಳೂರಲ್ಲಿ ಸಾಫ್ಟ್‌ವೇರ್, ಹುಡುಗಿ ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕೋ ಮನೆಯೋಳು. ಹೆಸರು ಹೇಳಲ್ಲ, ಮುಖ ಬ್ಲರ್ ಮಾಡಿದ್ದೀನಿ. ಅಲ್ಲಿ ಕಾರಿನ ಪಕ್ಕ ಸ್ವೆಟರ್ ಹಾಕ್ಕೊಂಡು, ತಲೆಗೆ ಶಾಲು ಸುತ್ತಿಕೊಂಡು ನಿಂತಿರೋರು ಹುಡುಗಿ ಚಿಕ್ಕಮ್ಮ. ಪಕ್ಕದಲ್ಲಿ ನಿದ್ದೆಗಣ್ಣಲ್ಲಿರೋನು ತಮ್ಮ, ಪಿಯುಸಿ. ಇವರಿಬ್ಬರೂ ಕಾವಲು. ಬರೀ ಹುಡುಗ ಹುಡುಗಿ ಇಬ್ಬರೇ ಬಂದ ಶೂಟ್ ನನ್ನ ಲೆಕ್ಕದಲ್ಲಿ ಇನ್ನೂ ಒಂದು ಕೈ ಬೆರಳಷ್ಟೂ ಆಗಿಲ್ಲ.

ಬಂದ ತಕ್ಷಣ ಹುಡುಗ ಕೇಳಿದ್ದು, "ಮೇಲಕ್ಕೆ ಹೋಗಲ್ವಾ ಅಣ್ಣ?"

ಎಲ್ಲರೂ ಕೇಳ್ತಾರೆ. ಮೇಲೆ ಹೋದ್ರೆ ಮೊದಲು ಕಾರುಗಳ ಕ್ಯೂ, ಆಮೇಲೆ ಸೂರ್ಯೋದಯ ನೋಡೋಕೆ ಬಂದಿರೋ ಜನದ ಕ್ಯೂ. ಕಂಬಿ ಹಿಡ್ಕೊಂಡು ನಿಂತಿರೋ ಐವತ್ತು ಜನದ ಮಧ್ಯೆ, ಇನ್ನೂ ಸರಿಯಾಗಿ ಮಾತಾಡದೇ ಇರೋ ಇಬ್ಬರನ್ನ ನಿಲ್ಲಿಸಿ ನಗಿ ಅಂದ್ರೆ ಅವರು ನಗಲ್ಲ, ಹಲ್ಲು ತೋರಿಸ್ತಾರೆ. ಇನ್ನೊಂದು, ಬೆಟ್ಟದ ಮೇಲೆ ನಿಂತ್ಕೊಂಡ್ರೆ ಬೆಟ್ಟ ಫೋಟೋದಲ್ಲಿ ಎಲ್ಲಿ ಬರುತ್ತೆ? ಮಲಗಿರೋ ಬಸವನ ಹಾಗೆ ಕಾಣೋ ಬೆಟ್ಟದ ಆ ಬೆನ್ನು ಬೇಕು ಅಂದ್ರೆ ಕೆಳಗೇ ಇರ್ಬೇಕು.

ಕೆಳಗಡೆ ಭೋಗನಂದೀಶ್ವರ ದೇವಸ್ಥಾನ ಇದೆಯಲ್ಲ ಅಂತೀರ. ಇದೆ, ಆ ಕಲ್ಯಾಣಿ ಮೆಟ್ಟಿಲು ನೋಡಿದ್ರೆ ನಂಗೂ ಕೈ ತುರಿಸುತ್ತೆ. ಆದ್ರೆ ಅದು ಪುರಾತತ್ವ ಇಲಾಖೆ ರಕ್ಷಣೆಯಲ್ಲಿರೋ ಜಾಗ, ಟ್ರೈಪಾಡ್ ಇಟ್ಟು ಇಂಥ ಶೂಟ್ ಮಾಡೋಕೆ ಮುಂಚೇನೇ ಅನುಮತಿ ಬೇಕು. ಬೇರೆ ಕಡೆ ಒಂದು ಹಳೇ ಗುಡಿಯಲ್ಲಿ ನಾನೊಮ್ಮೆ ಕೇಳದೇ ನುಗ್ಗಿದ್ದೆ. ಕಾವಲುಗಾರನ ಜೊತೆ ವಾದ ಮಾಡ್ತಾ ಮಾಡ್ತಾ ಬಿಸಿಲು ನೆತ್ತಿಗೆ ಬಂತು. ತಪ್ಪು ನಂದೇ, ಹುಡುಗಿ ಮೇಕಪ್ ಮಾತ್ರ ನೀರಾಯ್ತು.

ಹಾಗಾಗಿ ಹೊಲ. ಈಗ ಕಾಣ್ತಿದೆ ನೋಡಿ, ಮಂಜಿನ ಒಳಗಿಂದ ಕೇಸರಿ. ಚೆಂಡುಹೂವು.

ಇಂಥ ಮಂಜಲ್ಲಿ ಕ್ಯಾಮೆರಾ ಮೋಸ ಹೋಗುತ್ತೆ. ಎಲ್ಲಾ ಬೆಳ್ಳಗಿರೋದ್ರಿಂದ ಬೆಳಕು ಜಾಸ್ತಿ ಆಯ್ತು ಅನ್ಕೊಂಡು ಫೋಟೋನ ಬೂದಿ ಬಣ್ಣಕ್ಕೆ ಇಳಿಸಿಬಿಡುತ್ತೆ. ನಾನು ಒಂದು ಸ್ಟಾಪ್ ಮೇಲಕ್ಕೆ ಇಡ್ತೀನಿ, ಅಂದ್ರೆ ಬೆಳಕು ಎರಡರಷ್ಟು. ಮಂಜು ಹರಿದು ಬಿಸಿಲು ಬಿತ್ತಾ, ಲೆಕ್ಕ ತಿರುಗಾ ಮುರುಗಾ. ರೇಷ್ಮೆ ಸೀರೆ ಜರಿ ಮೇಲೆ ಬಿಸಿಲು ಹೊಡೆದ್ರೆ ಅಂಚೆಲ್ಲ ಸುಣ್ಣ ಬಳಿದ ಹಾಗಾಗುತ್ತೆ, ಆಗ ಕೆಳಗಿಳಿಸ್ಬೇಕು. ಆಮೇಲೆ ಈ ಹೂವಿನದ್ದೇ ಒಂದು ಕಿತಾಪತಿ. ಬಿಸಿಲು ಹೂವಿನ ಮೇಲೆ ಬಿದ್ದು ವಾಪಸ್ ಮುಖಕ್ಕೆ ಹೊಡೆಯುತ್ತೆ. ಹುಡುಗಿ ಗದ್ದದ ಕೆಳಗೆ ನೋಡಿ, ಅರಿಶಿನ ಹಚ್ಚಿದ ಹಾಗಿಲ್ವಾ? ಮದುವೆಗೆ ಮುಂಚೇನೇ ಅರಿಶಿನ ಶಾಸ್ತ್ರ! ಬಣ್ಣ ಸರಿ ಮಾಡೋ ಕೆಲಸಾನ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್‌ಗೆ ಬಿಟ್ರೆ ಅದು ಈ ಕೇಸರಿ ನೋಡಿ ಹೆದರಿ ಎಲ್ಲಾ ನೀಲಿಗೆ ಎಳೆಯುತ್ತೆ. ನಾನು ಅದನ್ನ ಹಗಲು ಬೆಳಕಿನ ಲೆಕ್ಕಕ್ಕೆ, 5,500 ಕೆಲ್ವಿನ್‌ಗೆ ಗಟ್ಟಿಯಾಗಿ ಕಟ್ಟಿಬಿಡ್ತೀನಿ. ಗದ್ದದ ಅರಿಶಿನ ಇರ್ಲಿ ಬಿಡಿ, ಚೆನ್ನಾಗೇ ಇದೆ.

ಇದೆಲ್ಲ ಯೂಟ್ಯೂಬಲ್ಲಿ ಯಾರು ಬೇಕಾದ್ರೂ ಹೇಳ್ಕೊಡ್ತಾರೆ. ನಿಜವಾದ ಕಷ್ಟ ಈಗ ಬರುತ್ತೆ, ನೋಡಿ.

"ಕೈ ಎಲ್ಲಿಡೋದು ಅಣ್ಣ?"

ಹುಡುಗನ ಕೈ ಜೇಬಿಗೆ ಹೋಯ್ತು, ವಾಪಸ್ ಬಂತು, ಎದೆ ಮೇಲೆ ಕಟ್ಕೊಂಡ, ಪಾಸ್‌ಪೋರ್ಟ್ ಆಫೀಸಲ್ಲಿ ನಿಂತ ಹಾಗೆ ಕೆಳಗೆ ಬಿಟ್ಟ. ಹುಡುಗಿ ಸೆರಗಿನ ಅಂಚನ್ನ ಸುತ್ತಿ ಸುತ್ತಿ ಹಗ್ಗ ಮಾಡ್ತಿದ್ದಾಳೆ. ಇಬ್ಬರ ಮಧ್ಯೆ ಇನ್ನೊಬ್ಬರು ಆರಾಮಾಗಿ ನಿಲ್ಲೋಷ್ಟು ಜಾಗ. "ಭುಜದ ಮೇಲೆ ಕೈ ಹಾಕಪ್ಪ" ಅಂತ ಒಂದು ಮಾತು ಹೇಳಬಹುದು. ಹೇಳಿದ್ರೆ ಚಿಕ್ಕಮ್ಮ ಕೆಮ್ಮುತ್ತಾರೆ. ಕೆಮ್ಮೋದೂ ತಪ್ಪಲ್ಲ. ಬಂದ ತಕ್ಷಣ ನನ್ನ ಪಕ್ಕಕ್ಕೆ ಕರೆದು ಹೇಳಿದ್ರು, "ನೋಡ್ಕೊಂಡು ತೆಗಿಯಪ್ಪ, ಆರತಕ್ಷತೆ ದಿನ ದೊಡ್ಡ ಎಲ್‌ಇಡಿ ಪರದೇಲಿ ಹಾಕ್ತಾರಂತೆ. ನಮ್ಮ ಮಾವನೋರು ಮುಂದ್ಗಡೆ ಚೇರಲ್ಲೇ ಕೂತಿರ್ತಾರೆ."

ಎತ್ಕೊಂಡು ತಿರುಗಿಸೋದು, ಹಣೆಗೆ ಮುತ್ತು, ಬಣ್ಣದ ಹೊಗೆ, ಹತ್ತು ಅಡಿ ಬಾಲದ ಬಾಡಿಗೆ ಗೌನು, ಎಲ್ಲಾ ಮಾಡಿದ್ದೀನಿ. ಆ ಗೌನಿನ ಬಾಲದಿಂದ ಜಾಲಿಮುಳ್ಳು ಬಿಡಿಸೋಕೇ ಒಂದು ಗಂಟೆ ಹೋಯ್ತು. ಆಲ್ಬಮ್ ಬಂದ ಮೇಲೆ ನೋಡಿದ್ರೆ ಯಾವ ಜೋಡಿ ಯಾವುದು ಅಂತ ನಂಗೇ ಗೊತ್ತಾಗ್ಲಿಲ್ಲ.

ದಾರಿ ತೋರಿಸಿದ್ದು ಈ ಹೊಲದ ಅಕ್ಕ. ಮೂರು ವರ್ಷದ ಹಿಂದೆ ಬೇರೆ ಜೋಡಿ ಕರ್ಕೊಂಡು ಬಂದು ಇದೇ ಸಾಲಲ್ಲಿ ಅರ್ಧ ಗಂಟೆ ಒದ್ದಾಡ್ತಿದ್ದೆ. ಅಕ್ಕನಿಗೆ ರೇಗಿ ಹೋಯ್ತು. "ಸುಮ್ನೆ ನಿಂತ್ಕೊಂಡು ಡ್ರಿಪ್ ಪೈಪ್ ತುಳಿಯೋ ಬದ್ಲು ನಾಲ್ಕು ಹೂವಾದ್ರೂ ಬಿಡಿಸ್ರಪ್ಪ!" ಬೈದಿದ್ದು ಅವರು, ಬುದ್ಧಿ ಬಂದಿದ್ದು ನಂಗೆ. ಅವತ್ತಿಂದ ಬಂದಾಗೆಲ್ಲ ಅಕ್ಕನಿಗೆ 500 ರೂಪಾಯಿ ಕೊಡ್ತೀನಿ. ರೇಟ್ ಬಿದ್ದಾಗ ಬಿಡಿಸೋ ಕೂಲೀನೂ ಹುಟ್ಟಲ್ಲ ಅಂತ ಇದೇ ಹೂವನ್ನ ರಸ್ತೆಗೆ ಸುರಿಯೋದನ್ನ ನೋಡಿರೋನು ನಾನು, ಪುಗಸಟ್ಟೆ ಬ್ಯಾಕ್‌ಗ್ರೌಂಡ್ ಮಾಡ್ಕೊಳ್ಳೋಕೆ ಮನಸ್ಸು ಬರಲ್ಲ.

ಈಗ ಇಬ್ಬರಿಗೂ ಒಂದೇ ಪುಟ್ಟಿ ಕೊಟ್ಟೆ. 85 ಎಂಎಂ ಲೆನ್ಸ್ ಹಾಕ್ಕೊಂಡು ಹದಿನೈದು ಅಡಿ ಹಿಂದೆ ಬಂದೆ. ತಮ್ಮನ ಕೈಗೆ ರಿಫ್ಲೆಕ್ಟರ್. ಕಾವಲಿಗೆ ಬಂದೋನು ಈಗ ನಮ್ಮ ಟೀಮು.

ಹುಡುಗ ಹೂವಿನ ತಲೆ ಹಿಡಿದು ಎಳೆದ. ಅರ್ಧ ಗಿಡಾನೇ ಬಂತು.

"ಅಯ್ಯೋ! ಹಂಗಲ್ಲ ರೀ."

ಇವತ್ತು ಬೆಳಗ್ಗೆಯಿಂದ ಅವಳು ಅವನ ಜೊತೆ ಆಡಿದ ಮೊದಲ ಮಾತು ಅದು, ನನ್ನ ಕಿವಿಗೆ ಬಿದ್ದ ಮಟ್ಟಿಗೆ. ಹೂವಿನ ಬುಡಕ್ಕೆ ಎರಡು ಬೆರಳು ಕೊಟ್ಟು, ಹೆಬ್ಬೆರಳಲ್ಲಿ ಒತ್ತಿ ಚಕ್ ಅಂತ ಮುರಿದು ತೋರಿಸಿದಳು. ಅವನು ಮಾಡಿದ, ತಪ್ಪಾಯ್ತು. ಮತ್ತೆ ತೋರಿಸಿದಳು. ಹತ್ತನೇ ಹೂವಿಗೆ ಅವನ ಕೈ ಕುದುರಿತು. ಪುಟ್ಟಿ ತುಂಬ್ತಾ ತುಂಬ್ತಾ ಮಧ್ಯದ ಜಾಗ ತಾನಾಗೇ ಕಮ್ಮಿ ಆಯ್ತು, ಒಂದು ಪುಟ್ಟಿಗೆ ಇಬ್ಬರು ಎಷ್ಟು ದೂರ ನಿಲ್ಲೋಕಾಗುತ್ತೆ? ನಾನು ಬಾಯೇ ಬಿಡ್ಲಿಲ್ಲ. ಚಿಕ್ಕಮ್ಮನೂ ಕೆಮ್ಮಲಿಲ್ಲ, ಅವರು ಅಕ್ಕನ ಹತ್ರ ಈ ಸಲ ರೇಷ್ಮೆ ಗೂಡಿನ ರೇಟ್ ಬಗ್ಗೆ ಶುರು ಹಚ್ಕೊಂಡಿದ್ರು.

ಒಂಬತ್ತು ಗಂಟೆಗೆ ಬಿಸಿಲು ಖಾರ ಆಯ್ತು. ಬೆಟ್ಟದ ಫೋಟೋ ಸಂಜೆಗೆ, ಈ ಕಾಲದಲ್ಲಿ ಸೂರ್ಯ ನಮ್ಮ ಕಡೆಯಿಂದ ನೋಡಿದ್ರೆ ನಂದಿಬೆಟ್ಟದ ಬೆನ್ನ ಹಿಂದೇನೇ ಇಳೀತಾನೆ. ಅದು ಹದಿನೈದು ನಿಮಿಷದ ಕೆಲಸ, ಚೆನ್ನಾಗೇ ಬಂತು, ಈಗ ನೋಡ್ತಿರೋದು ಅದೇ. ಎಲ್‌ಇಡೀಗೆ ಹೇಳಿ ಮಾಡಿಸಿದ ಫೋಟೋ.

ಆದ್ರೆ ನಾನು ಹೇಳ್ಬೇಕು ಅಂತಿದ್ದಿದ್ದು ಮಧ್ಯಾಹ್ನದ್ದು. ಅಕ್ಕನ ಮನೆ ಜಗಲಿ ಮೇಲೆ ಅವರೆಕಾಯಿ ರಾಶಿ ಬಿದ್ದಿತ್ತು. ಉಪ್ಪಿಟ್ಟು ಆಗ್ಬೇಕು ಅಂದ್ರೆ ಸುಲೀಬೇಕು ಅಂದ್ರು ಅಕ್ಕ. ಎಲ್ಲರೂ ಕೂತ್ವಿ. ಕ್ಯಾಮೆರಾ ಪಕ್ಕದಲ್ಲಿತ್ತು, ಅಷ್ಟೆ. ಅವನು ಸುಲಿದ ಕಾಳನ್ನ ಮೊರಕ್ಕೆ ಹಾಕೋ ಬದ್ಲು ಅವಳ ಮುಂದೆ ಗುಡ್ಡೆ ಮಾಡ್ತಿದ್ದ. ಅವಳು ಸೊಗಡು ಹತ್ತಿದ ಬೆರಳನ್ನ ಮೂಸಿ, ಅವನ ಮೂಗಿನ ಹತ್ರ ಹಿಡಿದಳು. ಒಂದೇ ಒಂದು ಕ್ಲಿಕ್.

ರಾತ್ರಿ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಹುಡುಗನ ಫೋನ್. "ಅಣ್ಣ, ಎಲ್ಲಾ ಸೂಪರ್. ಆ ಅವರೆಕಾಯಿದು ಮಾತ್ರ ಎಲ್‌ಇಡೀಗೆ ಬೇಡ. ಯಾರಿಗೂ ಬೇಡ. ನಮ್ಮಿಬ್ಬರಿಗೆ ಕಳಿಸಿ ಡಿಲೀಟ್ ಮಾಡ್ಬಿಡಿ."

ಮಾಡಿದ್ದೀನಿ. ಅದಕ್ಕೆ ಇಲ್ಲಿ ನಿಮಗೆ ಕಾಣ್ತಿರೋದು ಬರೀ ಸಿಪ್ಪೆ ರಾಶಿ, ಮತ್ತೆ ಅದನ್ನ ತಿನ್ನೋಕೆ ಬಂದಿರೋ ಅಕ್ಕನ ಮೇಕೆ.