ತಾಮ್ರದ ಪೈಪಲ್ಲಿ ಮ್ಯಾಗ್ನೆಟ್ ಯಾಕೆ ಇಷ್ಟು ನಿಧಾನ ಬೀಳುತ್ತೆ?

ಈಗ ಸ್ಕ್ರೀನಲ್ಲಿ ಕಾಣ್ತಿರೋದು ಖಾಲಿ ತಾಮ್ರದ ಪೈಪು, ಕೈಯಲ್ಲಿರೋದು ಪುಟ್ಟ ನಿಯೋಡಿಮಿಯಂ ಮ್ಯಾಗ್ನೆಟ್. ಪೈಪಿಗೆ ತಾಗಿಸಿದ್ರೆ ನೋಡಿ, ಅಂಟ್ಕೊಳ್ಳಲ್ಲ, ತಾಮ್ರ ಕಬ್ಬಿಣದ ಥರ ಅಲ್ವಲ್ಲ. ಸರಿ, ಮೇಲಿಂದ ಒಳಗೆ ಬಿಡ್ತೀನಿ... ಬಂತಾ? ಇಲ್ಲ. ಇನ್ನೂ ಒಳಗೇ ಇದೆ... ಹಾಂ, ಈಗ ಬಂತು! ಎಷ್ಟು ಸಲ ನೋಡಿದ್ರೂ ನಂಗೆ ಇದು ಖುಷಿ ಕೊಡುತ್ತೆ.

ಏನಾಗ್ತಿದೆ ಅಂದ್ರೆ, ಮ್ಯಾಗ್ನೆಟ್ ಕೆಳಗಿಳೀತಾ ಇದ್ದ ಹಾಗೆ ಪೈಪಿನ ಒಂದೊಂದು ಭಾಗದಲ್ಲೂ ಕಾಂತಕ್ಷೇತ್ರ, ಅಂದ್ರೆ ಮ್ಯಾಗ್ನೆಟ್ ಸುತ್ತ ಅದರ ಪ್ರಭಾವ ಇರೋ ಜಾಗ, ಬದಲಾಗ್ತಾ ಹೋಗುತ್ತೆ, ಆ ಬದಲಾವಣೆಯಿಂದ ಪೈಪಿನ ಗೋಡೆಯಲ್ಲೇ ಸುತ್ತು ಸುತ್ತಾಗಿ ಕರೆಂಟ್ ಹುಟ್ಟುತ್ತೆ, ಆ ಕರೆಂಟಿಗೆ ಮತ್ತೆ ಅದರದೇ ಕಾಂತಕ್ಷೇತ್ರ ಇರುತ್ತೆ, ಅದು ಮ್ಯಾಗ್ನೆಟ್ಟನ್ನ ಕೆಳಗಿಂದ ತಳ್ಳುತ್ತೆ, ಮೇಲಿಂದ ಎಳ್ಯುತ್ತೆ. ಹೀಗೆ ಬದಲಾವಣೆಗೆ ಅಡ್ಡ ಬರೋದನ್ನೇ ಲೆಂಜ್ ನಿಯಮ ಅನ್ನೋದು, 1834ರದ್ದು. ಅಡ್ಡ ಬರೋ ಬದಲು ಸಹಾಯ ಮಾಡಿದ್ದಿದ್ರೆ? ಮ್ಯಾಗ್ನೆಟ್ ತಾನಾಗೇ ಇನ್ನೂ ಜೋರಾಗಿ ಓಡ್ತಿತ್ತು, ಕರೆಂಟೂ ಜಾಸ್ತಿ ಆಗ್ತಿತ್ತು, ಶಕ್ತಿ ಎಲ್ಲಿಂದಲೋ ಪುಕ್ಕಟೆ ಬಂದಂಗಾಗ್ತಿತ್ತು, ಅದು ಸಾಧ್ಯನೇ ಇಲ್ಲ. ಇಲ್ಲಿ ಕಳೆದ ವೇಗ ಪೈಪಲ್ಲಿ ಸ್ವಲ್ಪ ಬಿಸಿಯಾಗಿ ಸೇರ್ಕೊಂಡಿದೆ. ಪ್ಲಾಸ್ಟಿಕ್ ಪೈಪಲ್ಲಿ ಬಿಟ್ರೆ ಸೀದಾ ಬಿದ್ಬಿಡುತ್ತೆ, ಅಲ್ಲಿ ಕರೆಂಟ್ ಹರಿಯೋಕೆ ದಾರಿ ಇಲ್ಲ.

ಮುಖ್ಯ ಅಂದ್ರೆ ಆ "ಬದಲಾವಣೆ". 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ ಕರೆಂಟ್ ಹರಿಯೋ ತಂತಿ ಪಕ್ಕ ದಿಕ್ಸೂಚಿ ಮುಳ್ಳು ತಿರುಗೋದನ್ನ ತೋರಿಸಿದ್ರು, ಆಮೇಲೆ ಎಲ್ರಿಗೂ ಒಂದೇ ಪ್ರಶ್ನೆ, ಕರೆಂಟಿಂದ ಮ್ಯಾಗ್ನೆಟ್ ಆಗುತ್ತೆ ಅಂದ್ರೆ ಮ್ಯಾಗ್ನೆಟ್ಟಿಂದ ಕರೆಂಟ್ ಯಾಕಾಗಲ್ಲ? ಜಿನೀವಾದ ವಿಜ್ಞಾನಿ ಕೊಲಾಡಾನ್ 1825ರಲ್ಲಿ ತಂತಿ ಸುರುಳಿಯೊಳಗೆ ಮ್ಯಾಗ್ನೆಟ್ ತೂರಿಸಿ ನೋಡಿದ್ರು, ಆದ್ರೆ ಮ್ಯಾಗ್ನೆಟ್ ಸೆಳೆತ ಮೀಟರಿಗೆ ತಾಗದೇ ಇರ್ಲಿ ಅಂತ ಆ ಕರೆಂಟ್ ತೋರಿಸೋ ಮೀಟರನ್ನ ಇನ್ನೊಂದು ರೂಮಲ್ಲಿಟ್ಟಿದ್ರು, ಅಲ್ಲಿಗೆ ಹೋಗಿ ನೋಡೋಷ್ಟರಲ್ಲಿ ಮುಳ್ಳು ವಾಪಸ್ ಸೊನ್ನೆಗೆ ಬಂದಿತ್ತು! ಇದನ್ನ ಓದಿದಾಗ ನಂಗೆ ನಿಜವಾಗ್ಲೂ ಸಂಕಟ ಆಯ್ತು. ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ, ಒಂದಕ್ಕೆ ಬ್ಯಾಟರಿ ಕೊಟ್ಟಾಗ ಇನ್ನೊಂದರ ತಂತಿ ಪಕ್ಕದ ದಿಕ್ಸೂಚಿ ಮುಳ್ಳು ಒಮ್ಮೆ ಜಿಗೀತು, ತೆಗೆದಾಗ ಮತ್ತೊಮ್ಮೆ. ಮಧ್ಯೆ ಕರೆಂಟ್ ಒಂದೇ ಸಮ ಹರೀತಿದ್ದಾಗ ಏನೂ ಇಲ್ಲ.

ಈಗ ಈ ಸುರುಳಿ ನೋಡಿ, ಎಲ್ಇಡಿ ಹಾಕಿದೀನಿ. ಮ್ಯಾಗ್ನೆಟ್ ಒಳಗೆ ಸುಮ್ನೆ ಇಟ್ರೆ ಕತ್ತಲೆ, ಎಷ್ಟೇ ಸ್ಟ್ರಾಂಗ್ ಇದ್ರೂ ಅಷ್ಟೇ. ಜೋರಾಗಿ ಅಲ್ಲಾಡಿಸಿದ್ರೆ ಮಿಣುಕುತ್ತೆ, ನಿಧಾನ ಮಾಡಿದ್ರೆ ಆರಿಹೋಗುತ್ತೆ, ಯಾಕಂದ್ರೆ ವೋಲ್ಟೇಜ್ ಬರೋದು ಕ್ಷೇತ್ರ ಎಷ್ಟು ಬೇಗ ಬದಲಾಗುತ್ತೆ, ಸುರುಳಿಯಲ್ಲಿ ಎಷ್ಟು ಸುತ್ತಿದೆ ಅನ್ನೋದರ ಮೇಲೆ. ಜಲವಿದ್ಯುತ್ತಾಗ್ಲಿ, ಗಾಳಿಯದ್ದಾಗ್ಲಿ, ಕಲ್ಲಿದ್ದಲಿಂದಾಗ್ಲಿ, ಜನರೇಟರ್ ಒಳಗೆ ನಡ್ಯೋದು ಇದೇ ಕೆಲಸ, ಕೈ ಬದಲು ಟರ್ಬೈನ್ ತಿರುಗಿಸುತ್ತೆ. ಸೋಲಾರ್ ಪ್ಯಾನೆಲ್ ಮಾತ್ರ ಬೇರೆ ದಾರಿ, ಅದರಲ್ಲಿ ತಿರುಗೋದು ಏನೂ ಇಲ್ಲ.