ತಪಸ್ಸುಕಾಲದಲ್ಲಿ ಲ್ಯಾಟಿನ್: ಎಷ್ಟು, ಎಲ್ಲಿ?

ಈಸ್ಟರ್‌ಗೆ ಮುಂಚಿನ ಪಶ್ಚಾತ್ತಾಪದ ದಿನಗಳಾದ ತಪಸ್ಸುಕಾಲ ಬಂತೆಂದರೆ ನಮ್ಮ ಚರ್ಚುಗಳ ಕೆಲವು ಗಾಯನವೃಂದಗಳಿಗೆ ಲ್ಯಾಟಿನ್ ನೆನಪಾಗುತ್ತದೆ. ತಪ್ಪೇನಿಲ್ಲ. ಆದರೆ ನಾಲ್ಕು ದನಿಯ ದೊಡ್ಡ ಹಾಡೊಂದನ್ನು ಎತ್ತಿಕೊಂಡು ಹತ್ತು ಜನ ಒದ್ದಾಡುತ್ತಾರೆ, ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ ನೋಡಿ, ಅದಕ್ಕೇ ನನ್ನ ತಕರಾರು. 1963ರಲ್ಲಿ ಕಥೋಲಿಕ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ದಾಖಲೆಯಲ್ಲೇ, 54ನೇ ವಿಧಿಯಲ್ಲಿ, ಜನರು ತಮ್ಮ ಪಾಲಿನದನ್ನು ಲ್ಯಾಟಿನ್‌ನಲ್ಲೂ ಹಾಡಬಲ್ಲವರಾಗಲಿ ಎಂದಿದೆ. ಜನರು ಅಂದಿದೆ, ಗಾಯನವೃಂದ ಅಂದಿಲ್ಲ.

ಅದಕ್ಕೆಂದೇ ಪೋಪ್ ಆರನೇ ಪೌಲರು 1974ರಲ್ಲಿ 'ಯುಬಿಲಾತೆ ದೇಯೊ' ಎಂಬ ಪುಟ್ಟ ಹಾಡುಪುಸ್ತಕ ಕಳಿಸಿದ್ದು. ಅದರ ಸಾಂಕ್ತುಸ್ ('ಪವಿತ್ರ, ಪವಿತ್ರ'), ಆನ್ಯುಸ್ ದೇಯಿ ('ದೇವರ ಕುರಿಮರಿಯೇ') ಎರಡೂ ಗ್ರೆಗೋರಿಯನ್ 18ನೇ ಪೂಜೆಯವು, ಅಂದರೆ ಪೂಜೆಗೆಂದಿರುವ ಹಳೆಯ ಏಕದನಿ ಹಾಡುಗಳ ಗುಚ್ಛಗಳಲ್ಲಿ 18ನೆಯದರವು; ತಪಸ್ಸುಕಾಲದ ವಾರದ ದಿನಗಳಿಗೆ ಇಟ್ಟವು. ಭಾನುವಾರಕ್ಕೆ 17ನೆಯದು ಬೇರೆ ಇದೆ, ಆದರೆ ಅದರಲ್ಲಿ ಆಲಾಪ ಹೆಚ್ಚು. ಕಲಿಯುವವರಿಗೆ ಬೇಡ. ('ಪ್ರಭುವೇ, ದಯೆತೋರು' ಎನ್ನುವ ಕೀರಿಯೆ ಎಲೇಯಿಸೋನ್ ಲ್ಯಾಟಿನ್ ಅಲ್ಲ, ಗ್ರೀಕ್. ಅದನ್ನು ಹಾಡಿ ಲ್ಯಾಟಿನ್ ಹಾಡಿದೆವು ಅನ್ನಬೇಡಿ.)

ಮೊದಲ ಭಾನುವಾರ ಆನ್ಯುಸ್ ದೇಯಿ ಒಂದೇ ಸಾಕು. ಪೂಜೆಗೆ ಹತ್ತು ನಿಮಿಷ ಮುಂಚೆ ಜನರಿಗೇ ಕಲಿಸಿ. ಮೂರು ಸಲವೂ ಒಂದೇ ರಾಗ. 'ಮಿಸೆರೇರೆ ನೋಬಿಸ್' (ನಮಗೆ ದಯೆತೋರು) ಆರು ಉಚ್ಚಾರಾಂಶ, ಕೊನೆಯ 'ದೋನ ನೋಬಿಸ್ ಪಾಚೆಮ್' (ನಮಗೆ ಶಾಂತಿ ಕೊಡು) ಕೂಡ ಆರೇ. ಚೀಟಿಯನ್ನು ಕನ್ನಡ ಅಕ್ಷರದಲ್ಲೇ ಅಚ್ಚು ಹಾಕಿಸಿ. ಇಂಗ್ಲಿಷ್ ಅಕ್ಷರ ಕೊಟ್ಟರೆ 'ಆಗ್ನಸ್', 'ಪೇಸೆಮ್' ಆಗುತ್ತದೆ. ನಮ್ಮ ತ, ದ ಅದಕ್ಕೆ ಸರಿಹೊಂದುತ್ತವೆ, ಪೆಕ್ಕಾತ, ತೊಲ್ಲಿಸ್ ಎನ್ನಲು ಒತ್ತಕ್ಷರವೂ ಇದೆ. ನಾವು ಎಡವುವುದು ಪದದ ಕೊನೆಯಲ್ಲಿ: 'ನೋಬಿಸು' ಅಂದುಬಿಡುತ್ತೇವೆ. ಒಂದು ಉಚ್ಚಾರಾಂಶ ಹೆಚ್ಚಾಯಿತು, ಸ್ವರ ಸಾಲಲಿಲ್ಲ, ಹಾಡು ಅಲ್ಲೇ ಕವಲೊಡೆಯಿತು.

ಇನ್ನೊಂದು ರೋಗ ಎಳೆಯುವುದು. ಪಶ್ಚಾತ್ತಾಪ ಅಂದರೆ ನಿಧಾನ ಅಂದುಕೊಂಡು ಎಳೆದರೆ ಉಸಿರು ಸಾಲದೆ ಶ್ರುತಿ ಇಳಿಯುತ್ತದೆ. ತಾಳ ಬೇಡ, ಮಾತಾಡುವ ವೇಗದಲ್ಲಿ ಹಾಡಿ. ಕೀಬೋರ್ಡ್ ಹಾಡಿಗೆ ಆಸರೆಯಾಗಿ ಮಾತ್ರ. ನಡುವೆ ತುಂಬಿಸಲು ಬಾರಿಸುವುದಕ್ಕೆ ಈ ಕಾಲದಲ್ಲಿ ಅನುಮತಿಯಿಲ್ಲ, ನಾಲ್ಕನೇ ಭಾನುವಾರ ಮತ್ತು ಹಬ್ಬಗಳ ಹೊರತು.

ಮೂರನೇ ವಾರಕ್ಕೆ ಸಾಂಕ್ತುಸ್ ಸೇರಿಸಿ. ಅಲ್ಲಿಗೆ ನಿಲ್ಲಿಸಿ. ಬೆಂಗಳೂರಿನಲ್ಲಿ ಕನ್ನಡದ ಪೂಜೆಗೆ ಹೋರಾಟವೇ ನಡೆದಿದೆ. ವಾಚನ, ಪ್ರಬೋಧನೆಗಳಲ್ಲಿ ಕನ್ನಡವನ್ನು ಬಿಟ್ಟುಕೊಡುವ ಮಾತೇ ಇಲ್ಲ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ 'ಮೆಮೆಂತೊ ಹೋಮೊ' ಕೇಳಲು ಗಂಭೀರವಾಗಿದೆ, ನಿಜ. ಆದರೆ ಹಣೆಗೆ ಬೂದಿ ಹಚ್ಚುತ್ತಾ ಒಬ್ಬೊಬ್ಬರಿಗೂ 'ಮಣ್ಣು ನೀನು, ಮಣ್ಣಿಗೇ ಮರಳುವೆ' ಎಂದು ಹೇಳುವ ಮಾತು ಅದು. ಅದನ್ನು ಕನ್ನಡದಲ್ಲೇ ಹೇಳಿ.