ಹೆಣ್ಣು ಜೇಡ ಬೇಡ ಅಂದರೆ ಮುಗೀತು!

ನಮಸ್ಕಾರ. ಜೇಡದ ವಿಡಿಯೊ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಹೊಸ ಪ್ರಭೇದ ಹುಟ್ಟೋಕೆ ನಡುವೆ ಬೆಟ್ಟವೋ ಸಮುದ್ರವೋ ಅಡ್ಡ ಬರಬೇಕು. ಹೆಣ್ಣು ಜೇಡದ ಇಷ್ಟಾನಿಷ್ಟದಿಂದ ಏನಾಗುತ್ತೆ?" ಎಲ್ಲಾ ಆಗುತ್ತೆ ಸ್ವಾಮಿ! ಹೆಣ್ಣು ಬೇಡ ಅಂದರೆ ಎರಡು ಗುಂಪು ಬೆರೆಯೋದೇ ಇಲ್ಲ; ಅದೇ ಬೆಟ್ಟ, ಅದೇ ಸಮುದ್ರ.

ಅಮೆರಿಕದ ಎರಡು ತೋಳ ಜೇಡ ತಗೊಳ್ಳಿ: ಸ್ಕೈಜೊಕೋಸಾ ಆಕ್ರಿಯೇಟಾ, ಸ್ಕೈಜೊಕೋಸಾ ರೋವ್ನರಿ. 1979ರವರೆಗೆ ಎರಡನೆಯದಕ್ಕೆ ಹೆಸರೇ ಇರಲಿಲ್ಲ. ಹೆಣ್ಣುಗಳನ್ನ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಗುರುತಿಸೋದು ಕಷ್ಟ. ಗಂಡುಗಳು ಹಾಗಲ್ಲ. ಆಕ್ರಿಯೇಟಾ ಗಂಡಿನ ಮುಂಗಾಲಲ್ಲಿ ಕರಿಕೂದಲ ಕುಚ್ಚು. ಕಾಲು ಎತ್ತಿ ತೋರಿಸುತ್ತೆ, ತರಗೆಲೆ ಮೇಲೆ ತಟ್ಟುತ್ತೆ. ರೋವ್ನರಿಗೆ ಕುಚ್ಚಿಲ್ಲ, ಇಡೀ ಮೈಯನ್ನ ಎಲೆ ಮೇಲೆ ಕುಕ್ಕಿ ಕಂಪನ ಕಳಿಸುತ್ತೆ. ಹೆಣ್ಣು ಆ ಕಂಪನವನ್ನ ಕಾಲಿನಿಂದಲೇ ಗ್ರಹಿಸುತ್ತೆ. ತಾಳ ತನ್ನವರದಲ್ಲವೋ, ಹತ್ತಿರ ಬಿಡಲ್ಲ.

ಈಗ ಸರಿಯಾಗಿ ಕೇಳಿಸಿಕೊಳ್ಳಿ. ಸ್ಟ್ರಾಟನ್ ಮತ್ತು ಯೂಟ್ಸ್ ಅನ್ನೋ ವಿಜ್ಞಾನಿಗಳು ಹೆಣ್ಣಿಗೆ ಪ್ರಜ್ಞೆ ತಪ್ಪಿಸಿ, ಇನ್ನೊಂದು ಪ್ರಭೇದದ ಗಂಡಿನ ಜೊತೆ ಕೂಡಿಸಿದರು. ಮರಿಗಳು ಹುಟ್ಟಿದವು! ದೇಹಕ್ಕೆ ಯಾವ ತಕರಾರೂ ಇರಲಿಲ್ಲ. ತಕರಾರು ಇದ್ದದ್ದು ಎಚ್ಚರವಾಗಿದ್ದ ಹೆಣ್ಣಿಗೆ. ಇನ್ನೂ ಬೆಟ್ಟ ಬೇಕಾ ನಿಮಗೆ?

ಬೇಕೇ ಬೇಕು ಅಂದರೆ ಬೆಟ್ಟವನ್ನೂ ಕೊಡ್ತೀನಿ. ಅರಿಜೋನಾದಲ್ಲಿ ಮರುಭೂಮಿಯ ನಡುವೆ ದ್ವೀಪಗಳ ಹಾಗೆ ನಿಂತ ಬೆಟ್ಟಸಾಲುಗಳಿವೆ. ಅಲ್ಲಿನ ಜಿಗಿಯುವ ಜೇಡ ಹ್ಯಾಬ್ರೊನಾಟಸ್ ಪ್ಯುಜಿಲಿಸ್ ಬೆಟ್ಟದಿಂದ ಬೆಟ್ಟಕ್ಕೆ ಬೇರೆ. ಬೇರೆ ಆಗಿದ್ದು ಏನು? ಗಂಡಿನ ಮುಖದ ಗುರುತು, ಗಂಡಿನ ಕುಣಿತ! ಆ ಲಕ್ಷಣಗಳು ಬರೀ ಆಕಸ್ಮಿಕವಾಗಿ ನೆಲೆಯೂರಿದ್ದಲ್ಲ, ಆಯ್ಕೆಯ ಒತ್ತಡದಿಂದ (ಅಂದರೆ ಹೆಣ್ಣು ಮೆಚ್ಚಿದ ಗಂಡಿಗೇ ಮರಿ) ಬೇಗಬೇಗ ನೆಲೆಯೂರಿದ್ದು ಅಂತ 2002ರಲ್ಲಿ ಮಾಸ್ಟಾ ಮತ್ತು ಮ್ಯಾಡಿಸನ್ ಅನ್ನೋ ವಿಜ್ಞಾನಿಗಳು ಡಿಎನ್‌ಎ ಹೋಲಿಸಿ ತೋರಿಸಿದರು. ಮರುಭೂಮಿ ದಾರಿ ಅಡ್ಡಗಟ್ಟಿತು, ಒಪ್ಪೋಣ. ಗಂಡಿನ ಮುಖ ತಿದ್ದಿದ್ದು ಮರುಭೂಮಿಯಲ್ಲ ಕಣ್ರೀ, ಹೆಣ್ಣಿನ ಕಣ್ಣು!

"ಒಂದು ಬೆಟ್ಟದ ಹೆಣ್ಣುಗಳಿಗೆ ಹೊರಗಿನ ಗಂಡೇ ಹೆಚ್ಚು ಇಷ್ಟವಾಗಿತ್ತಲ್ಲ?" ಅಂತ ಓದಿಕೊಂಡವರು ಎದ್ದು ನಿಲ್ತಾರೆ. ಹೌದು, ಇದೇ ಜಿಗಿಯುವ ಜೇಡದ ಮೇಲಿನ 2005ರ ಅಧ್ಯಯನ. ಇಷ್ಟಪಟ್ಟದ್ದು ಯಾರು? ಹೆಣ್ಣೇ ತಾನೆ? ನನ್ನ ಮಾತನ್ನೇ ಹೇಳಿದಿರಿ, ಕೂತ್ಕೊಳ್ಳಿ.

ಇನ್ನೊಂದು ಇದೆ, ಇದು ನನಗೆ ಬಲು ಪ್ರೀತಿ. ಜೇಡ ವಿಜ್ಞಾನಿ ಐಲೀನ್ ಹೆಬೆಟ್ಸ್ ಅವರ ಪ್ರಯೋಗ, 2003. ಇನ್ನೂ ಬೆಳೆಯುತ್ತಿದ್ದ ಹೆಣ್ಣು ತೋಳ ಜೇಡಗಳಿಗೆ ಕಪ್ಪು ಅಥವಾ ಕಂದು ಮುಂಗಾಲಿನ ಗಂಡುಗಳನ್ನ ತೋರಿಸಿದರು. ದೊಡ್ಡವಾದ ಮೇಲೆ ಅವು ಕಂಡು ಪರಿಚಯವಿದ್ದ ಬಣ್ಣವನ್ನೇ ಆರಿಸಿದವು. ಪರಿಚಯವಿಲ್ಲದವನನ್ನ ತಿಂದುಹಾಕುವ ಸಾಧ್ಯತೆಯೂ ಹೆಚ್ಚು! ಅಂದರೆ ಇಷ್ಟ ಅನ್ನೋದು ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಕಂಡದ್ದರಿಂದಲೂ ಬರುತ್ತೆ.

ಜಗತ್ತಿನಲ್ಲಿ ಹೆಸರಿಟ್ಟ ಜೇಡ ಪ್ರಭೇದಗಳು 50,000 ದಾಟಿವೆ. ಅಷ್ಟಕ್ಕೂ ಬೆಟ್ಟ ಎಲ್ಲಿಂದ ತರ್ತೀರಿ? ಎಷ್ಟು ಸಮುದ್ರ ತರ್ತೀರಿ? ಹೆಣ್ಣು ಬೇಡ ಅಂತು, ಅಷ್ಟೇ! ಇನ್ನೂ ವಾದ ಇದ್ದರೆ ಕೆಳಗೆ ಬರೀರಿ, ಒಂದೊಂದಕ್ಕೂ ಉತ್ತರ ಕೊಡ್ತೀನಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮುಂದಿನ ಸಂಚಿಕೆ ಆಸ್ಟ್ರೇಲಿಯಾದ ನವಿಲು ಜೇಡದ ಬಗ್ಗೆ. ಅಲ್ಲೂ ಇದನ್ನೇ ಹೇಳ್ತೀನಿ, ಇನ್ನೂ ಜೋರಾಗಿ!